ಒಂದೇ ನೀರು, ಮೀಟರ್‌ನಲ್ಲಿ ಎರಡು ಲೆಕ್ಕ

ಪ್ರಶ್ನೆ: ನನ್ನ ಹತ್ತಿರ ನೀರಿನ ವಾಹಕತೆ (ಅದರಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದು) ಅಳೆಯುವ ಒಂದು ಪುಟ್ಟ ಕಂಡಕ್ಟಿವಿಟಿ ಮೀಟರ್ ಇದೆ. ವಾಹಕತೆ ಮೊದಲೇ ಗೊತ್ತಿರುವ 1413 ಮೈಕ್ರೋಸೀಮೆನ್ಸ್ ದ್ರಾವಣದಲ್ಲಿ ಕ್ಯಾಲಿಬ್ರೇಟ್ ಮಾಡಿದ್ದೇನೆ, ಅಂದರೆ ಅಳತೆ ಸರಿಹೊಂದಿಸಿದ್ದೇನೆ. ಸಮುದ್ರದ ನೀರಿಗೆ ಅದ್ದಿದರೆ 53 ಮಿಲಿಸೀಮೆನ್ಸ್ ಬರುತ್ತದೆ. ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಘನವಸ್ತು) ಬಟನ್ ಒತ್ತಿದರೆ ಲೀಟರಿಗೆ 26.5 ಗ್ರಾಂ ಅನ್ನುತ್ತದೆ. ಓದಿದ ಕಡೆಯೆಲ್ಲ ಸಮುದ್ರದ ನೀರಿನ ಲವಣಾಂಶ, ಅಂದರೆ ಉಪ್ಪಿನ ಪ್ರಮಾಣ, 35 ಅಂತ ಇದೆ. ಮೀಟರ್ ಕೆಟ್ಟಿದೆಯಾ? ಸುಮ್ನೆ ನೀರು ಆವಿ ಮಾಡಿ ಉಳಿದ ಉಪ್ಪನ್ನು ತೂಗಿದರೆ ಆಗಲ್ವಾ?

ಉತ್ತರ: ಮೀಟರ್ ಚೆನ್ನಾಗೇ ಇದೆ. ಲವಣಾಂಶ 35 ಇರುವ ಸಮುದ್ರದ ನೀರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 53 ಮಿಲಿಸೀಮೆನ್ಸೇ ತೋರಿಸಬೇಕು. ಎಡವಟ್ಟು ಟಿಡಿಎಸ್ ಬಟನ್‌ನದು. ಅದು 53ನ್ನು 0.5ರಿಂದ ಗುಣಿಸಿ ನಿಮ್ಮ ಮುಂದೆ ಇಟ್ಟಿದೆ, ಅಷ್ಟೆ. 0.7 ಇಟ್ಟುಕೊಂಡ ಮೀಟರ್ ಆಗಿದ್ದರೆ ಅದೇ ನೀರಿಗೆ 37 ಅನ್ನುತ್ತಿತ್ತು! ಆ ಗುಣಕಗಳು ಸಿಹಿನೀರಿಗೆ ಮಾಡಿದ ಅಂದಾಜು. ಸಮುದ್ರದ ವಿಷಯದಲ್ಲಿ ಆ ಬಟನ್ ಮುಟ್ಟಲೇಬೇಡಿ.

ಮೀಟರ್‌ಗೆ ಉಪ್ಪು ಕಾಣುವುದಿಲ್ಲ. ಕರೆಂಟ್ ಎಷ್ಟು ಸಲೀಸಾಗಿ ಹರಿಯಿತು ಅನ್ನುವುದು ಮಾತ್ರ ಗೊತ್ತಾಗುತ್ತದೆ. ಅಲ್ಲಿಂದ ಉಪ್ಪಿಗೆ ಬರಲು ಎಲ್ಲರೂ ಒಪ್ಪಿದ ಒಂದು ಅಳತೆಗೋಲು ಬೇಕು. 1978ರ ಪ್ರಾಯೋಗಿಕ ಲವಣಾಂಶ ಮಾನ ಅದನ್ನು ಹೀಗೆ ಕಟ್ಟಿತು: 1 ಕಿಲೋ ದ್ರಾವಣದಲ್ಲಿ 32.4356 ಗ್ರಾಂ ಪೊಟ್ಯಾಷಿಯಂ ಕ್ಲೋರೈಡ್ ಇರಲಿ. 15 ಡಿಗ್ರಿಯಲ್ಲಿ, ಮಾಮೂಲಿ ವಾಯುಭಾರದಲ್ಲಿ ಯಾವ ಸಮುದ್ರದ ನೀರು ಇದರಷ್ಟೇ ವಾಹಕತೆ ತೋರಿಸುತ್ತದೋ ಅದರ ಲವಣಾಂಶ 35. ಗಮನಿಸಿ, 1 ಕಿಲೋ ನೀರಿಗೆ ಅಲ್ಲ, 1 ಕಿಲೋ ದ್ರಾವಣಕ್ಕೆ. ಅಂದರೆ ನೀರು 967.5644 ಗ್ರಾಂ. ತುಂಬಾ ಜನ ಎಡವುವುದು ಇಲ್ಲೇ.

ಈ ಮಾನದಲ್ಲಿ ಲವಣಾಂಶ ಬರೀ ಅನುಪಾತದಿಂದ ಬಂದ ಸಂಖ್ಯೆ, ಅದಕ್ಕೆ ಏಕಮಾನವೇ ಇಲ್ಲ. ಲೆಕ್ಕ ನೇರ ಗೆರೆಯಲ್ಲೂ ಹೋಗುವುದಿಲ್ಲ. ವಾಹಕತೆ ಸರಿಯಾಗಿ ಅರ್ಧವಾದರೆ ಲವಣಾಂಶ 17.5 ಅಲ್ಲ, ಸುಮಾರು 16.3. ಹಾಗಾಗಿ ನಿಮ್ಮ ಮೀಟರ್‌ನಲ್ಲಿ 1978ರ ಸೂತ್ರ ಬಳಸುವ ‘ಸಾಲಿನಿಟಿ’ ಆಯ್ಕೆ ಇದ್ದರೆ ಅದನ್ನೇ ಹಾಕಿಕೊಳ್ಳಿ.

ಇನ್ನು ಕ್ಯಾಲಿಬ್ರೇಷನ್. 1413 ಮೈಕ್ರೋಸೀಮೆನ್ಸ್ ಅಂದರೆ 1.413 ಮಿಲಿಸೀಮೆನ್ಸ್; ನೀವು ಅಳೆಯುತ್ತಿರುವುದು ಅದರ ಸುಮಾರು 37 ಪಟ್ಟು. ಅಷ್ಟು ಕೆಳಗೆ ಸರಿಮಾಡಿಕೊಂಡು ಅಷ್ಟು ಮೇಲೆ ಅಳೆಯುವುದು ನನಗಂತೂ ಒಪ್ಪಿಗೆಯಿಲ್ಲ. 12.88 ಮಿಲಿಸೀಮೆನ್ಸ್ ದ್ರಾವಣ ಪರವಾಗಿಲ್ಲ, 50ರ ಆಸುಪಾಸಿನದು ಸಿಕ್ಕರೆ ಇನ್ನೂ ಒಳ್ಳೆಯದು. ಸಾಗರ ವಿಜ್ಞಾನದ ಲ್ಯಾಬ್‌ಗಳಲ್ಲಿ ಸೀಲ್ ಮಾಡಿದ ‘ಸ್ಟ್ಯಾಂಡರ್ಡ್ ಸೀವಾಟರ್’ ಬಾಟಲಿ ಇಟ್ಟುಕೊಂಡಿರುತ್ತಾರೆ. ಉತ್ತರ ಅಟ್ಲಾಂಟಿಕ್‌ನ ನೀರನ್ನು ಸೋಸಿ, 35ರ ಹತ್ತಿರಕ್ಕೆ ತಂದು ತುಂಬಿದ್ದು. ಪೊಟ್ಯಾಷಿಯಂ ಕ್ಲೋರೈಡ್ ಜೊತೆ ಹೋಲಿಸಿ ಸಿಕ್ಕ ಅನುಪಾತ ಲೇಬಲ್ ಮೇಲೇ ಇರುತ್ತದೆ. ಒಮ್ಮೆ ತೆರೆದರೆ ಮುಗೀತು, ಆವಿಯಾಗುತ್ತಾ ಉಪ್ಪು ಜಾಸ್ತಿಯಾಗುತ್ತದೆ. ನಾಳೆಗೆ ಅಂತ ಎತ್ತಿಡಬೇಡಿ.

ಎಲ್ಲಕ್ಕಿಂತ ದೊಡ್ಡ ಕಳ್ಳ ಉಷ್ಣತೆ. ಒಂದು ಡಿಗ್ರಿಗೆ ವಾಹಕತೆ ಸುಮಾರು ಶೇ 2ರಷ್ಟು ಏರುತ್ತದೆ. ಥರ್ಮಾಮೀಟರ್ ಒಂದೇ ಒಂದು ಡಿಗ್ರಿ ತಪ್ಪಿದರೂ ಲವಣಾಂಶದ ಅಂಕಿ 0.75ಕ್ಕಿಂತ ಜಾಸ್ತಿ ತಪ್ಪುತ್ತದೆ. ಕ್ಯಾಲಿಬ್ರೇಷನ್ ದ್ರಾವಣ ಮತ್ತು ಸಮುದ್ರದ ನೀರು ಎರಡರ ಪಾತ್ರೆಗಳನ್ನೂ ಒಂದೇ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಅಳೆಯಿರಿ. ಪ್ರೋಬನ್ನು (ಮೀಟರ್‌ನ ಅದ್ದುವ ತುದಿ) ಅಳೆಯಬೇಕಾದ ನೀರಿನಲ್ಲೇ ಎರಡು ಮೂರು ಸಲ ಜಾಲಿಸಿ, ಮುಳುಗಿಸಿದ ಮೇಲೆ ಮೆಲ್ಲಗೆ ತಟ್ಟಿ. ಒಳಗೆ ಸಿಕ್ಕಿಕೊಂಡ ಒಂದು ಗಾಳಿಗುಳ್ಳೆ ಸಾಕು, ಅಂಕಿ ಇಳಿದುಬಿಡುತ್ತದೆ.

ಆವಿ ಮಾಡಿ ತೂಗುವ ಉಪಾಯ ಹಳೆಯದು, ಕೈಕೊಡುವಂಥದ್ದು. ಉಳಿದ ಉಪ್ಪಿನಲ್ಲಿರುವ ಮೆಗ್ನೀಷಿಯಂ ಕ್ಲೋರೈಡ್ ನೀರನ್ನು ಬಿಟ್ಟುಕೊಡುವುದಿಲ್ಲ, ಹಾಗಾಗಿ ತೂಕ ಜಾಸ್ತಿ ಬರುತ್ತದೆ. ಬಿಡಲಿ ಅಂತ ಇನ್ನಷ್ಟು ಕಾಯಿಸಿದರೆ ನೀರಿನ ಜೊತೆ ಹೈಡ್ರೋಕ್ಲೋರಿಕ್ ಆಮ್ಲವೂ ಹಾರಿಹೋಗುತ್ತದೆ, ಆಗ ತೂಕ ಕಡಿಮೆ.