ರಾತ್ರಿ ತಣಿಯುವ ಸೋಲಾರ್, ಮಳೆಗಾಲದ ಬಿಸಿನೀರು

ಪ್ರಶ್ನೆ: ತಾರಸಿಯಲ್ಲಿ 200 ಲೀಟರಿನ, ಚಪ್ಪಟೆ ಫಲಕದ, ಪಂಪಿಲ್ಲದ ಸೋಲಾರ್ ವಾಟರ್ ಹೀಟರ್ ಇದೆ. ಸಂಜೆ ಕೈಯಿಡಲಾಗದಷ್ಟು ಬಿಸಿ. ರಾತ್ರಿ ಯಾರೂ ಬಳಸದಿದ್ದರೂ ಬೆಳಿಗ್ಗೆ ಉಗುರುಬೆಚ್ಚಗೆ. ಟ್ಯಾಂಕ್ ಬದಲಿಸಬೇಕೆ?
– ಓದುಗರು, ಕಾಪು

ಉತ್ತರ: ಈಗಲೇ ಟ್ಯಾಂಕಿಗೆ ದುಡ್ಡು ಹಾಕಬೇಡಿ. ಮೊದಲು ಟ್ಯಾಂಕಿಗೆ ತಣ್ಣೀರು ಬರುವ ವಾಲ್ವ್ ಮುಚ್ಚಿ, ಬಚ್ಚಲಿನ ಬಿಸಿನೀರಿನ ನಲ್ಲಿ ತಿರುಗಿಸಿ. ಸ್ವಲ್ಪ ಹೊತ್ತಿನಲ್ಲಿ ನೀರು ನಿಲ್ಲಬೇಕು. ನಿಲ್ಲದಿದ್ದರೆ ಯಾವುದೋ ಮಿಕ್ಸರ್ ನಲ್ಲಿಯೊಳಗೆ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿದೆ ಎಂದರ್ಥ. ಆ ನಲ್ಲಿ ಬದಲಿಸಿದರೆ ಸಾಕು.

ನಿಂತರೆ, ರಾತ್ರಿ ಹತ್ತಕ್ಕೆ ತಾರಸಿಗೆ ಹೋಗಿ ಫಲಕದ ಮೇಲ್ತುದಿಯಿಂದ ಟ್ಯಾಂಕಿಗೆ ಏರುವ ಪೈಪನ್ನು, ಅದು ಫಲಕಕ್ಕೆ ಸೇರುವ ಕಡೆಯೇ, ಹೊದಿಕೆ ಸರಿಸಿ ಮುಟ್ಟಿ. ಆ ಹೊತ್ತಿಗೂ ಬಿಸಿಯಿದ್ದರೆ ನೀರು ಹಿಮ್ಮುಖವಾಗಿ ಹರಿಯುತ್ತಿದೆ. ಹಗಲು ಕಾದ ನೀರು ಹಗುರಾಗಿ ಟ್ಯಾಂಕಿಗೆ ಏರುತ್ತದೆ. ಮೋಡವಿಲ್ಲದ ರಾತ್ರಿ ಫಲಕ ಆಕಾಶಕ್ಕೆ ಶಾಖ ಬಿಟ್ಟು ತಣಿಯುತ್ತದೆ. ಅದರೊಳಗಿನ ನೀರು ಭಾರವಾಗಿ ಕೆಳಪೈಪಿನಿಂದ ಟ್ಯಾಂಕಿಗೆ ಸರಿಯುತ್ತಾ ಮೇಲಿನ ಬಿಸಿನೀರನ್ನು ತನ್ನತ್ತ ಎಳೆಯುತ್ತದೆ. ಫಲಕದ ಮೇಲಂಚಿಗಿಂತ ಟ್ಯಾಂಕಿನ ತಳ 30 ಸೆಂ.ಮೀ. ಎತ್ತರದಲ್ಲಿದ್ದರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಸ್ಟ್ಯಾಂಡ್ ಎತ್ತರಿಸುವುದೇ ಸರಿಯಾದ ದಾರಿ. ಆದರೆ ಬಿಸಿ ಪೈಪು ಎಲ್ಲೂ ಜೋತುಬೀಳದೆ ಟ್ಯಾಂಕಿನತ್ತ ಏರುತ್ತಲೇ ಹೋಗಬೇಕು. ನೀರು ಕಾದಾಗ ಅದರಲ್ಲಿ ಕರಗಿದ ಗಾಳಿ ಗುಳ್ಳೆಯಾಗುತ್ತದೆ. ಪೈಪು ಡೊಂಕಾಗಿ ಉಬ್ಬಿದ ಕಡೆ ಅದು ಸಿಕ್ಕಿಕೊಂಡರೆ ಹಗಲಿನ ಹರಿವೂ ನಿಲ್ಲುತ್ತದೆ.

ಎರಡೂ ಅಲ್ಲವೆಂದಾದರೆ ಮಾತ್ರ ಟ್ಯಾಂಕಿನ ಶಾಖ ತಡೆಯುವ ಪಫ್ (ಫೋಮ್) ಹೊದಿಕೆಗೆ ನೀರಿಳಿದಿದೆಯೇ ನೋಡಿ.

ಪ್ರಶ್ನೆ: ಆಟಿ ತಿಂಗಳ ಮಳೆಯಲ್ಲಿ ಸೋಲಾರ್ ನಡೆಯುವುದಿಲ್ಲ. ಗಾಳಿಯ ಶಾಖದಿಂದ ನೀರು ಕಾಯಿಸುವ ಹೀಟ್ ಪಂಪ್ ಮಂಗಳೂರಿಗೆ ಹೊಂದುತ್ತದೆಯೇ?
– ಓದುಗರು, ಸುರತ್ಕಲ್

ಉತ್ತರ: ಚೆನ್ನಾಗಿ ಹೊಂದುತ್ತದೆ. 200 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಸುಮಾರು 8 ಯೂನಿಟ್ ಶಾಖ ಬೇಕು. ಗೀಸರ್ ಅಷ್ಟನ್ನೂ ಕರೆಂಟಿನಿಂದಲೇ ತೆಗೆಯುತ್ತದೆ. ಹೀಟ್ ಪಂಪ್ ಹೆಚ್ಚಿನ ಪಾಲನ್ನು ಗಾಳಿಯಿಂದ ಹೀರಿಕೊಂಡು ಸುಮಾರು ಮೂರನೇ ಒಂದರಷ್ಟು ಕರೆಂಟಿನಲ್ಲಿ ಮುಗಿಸುತ್ತದೆ. ನಮ್ಮ ಮಳೆಗಾಲದ ಗಾಳಿಯ ತೇವ ಇಲ್ಲಿ ವರವೇ: ಗಾಳಿಯಿಂದ ಶಾಖ ಹೀರುವ ತಣ್ಣನೆಯ ಕೊಳವೆ ಸುರುಳಿಯ ಮೇಲೆ ಆವಿ ನೀರಾಗುವಾಗ ಪ್ರತಿ ಲೀಟರಿಗೆ ಸುಮಾರು 0.67 ಯೂನಿಟ್ ಶಾಖ ಕೊಡುತ್ತದೆ. ಕೆಳಗಿನ ಟ್ರೇಯಿಂದ ತೊಟ್ಟಿಕ್ಕುವ ನೀರು ಅದೇ.

ಉಷ್ಣತೆ 60ರ ಬದಲು 50ಕ್ಕಿಟ್ಟರೆ ಕಂಪ್ರೆಸರಿಗೆ ದುಡಿಮೆ ಕಡಿಮೆ. ಮುಚ್ಚಿದ ಕೋಣೆಯಲ್ಲಿ ಕೂರಿಸಬೇಡಿ. ತಾನೇ ತಣಿಸಿದ ಗಾಳಿಯನ್ನು ಮತ್ತೆ ಹೀರುತ್ತದೆ. ಕಡಲ ಉಪ್ಪು ಸುರುಳಿಯ ತೆಳು ಅಲ್ಯೂಮಿನಿಯಂ ರೆಕ್ಕೆಗಳನ್ನು ತಿನ್ನುವುದರಿಂದ ಲೇಪನವಿರುವುದನ್ನೇ ಕೇಳಿ ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ಸ್ವಿಚ್ ಆಫ್ ಮಾಡಿ ಸಿಹಿನೀರಿನಿಂದ, ಜೋರಾಗಿ ಹಾಯಿಸದೆ, ತೊಳೆಯಿರಿ.