ಅವರು ಆನಿ ಕೇಳ್ತಾರ, ನೀ ಏನ್ ಕೊಡ್ತಿ?

ತಂಗಿ, ಜರ್ಮನಿಯ ಲೈಪ್‌ಜಿಗ್ ಕಲಾ ಅಕಾಡೆಮಿಗೆ ಅರ್ಜಿ ಹಾಕೋಕಿ ಇದ್ದೀನಿ ಅಂತ ಬರದೀದಿ. ಖರ್ಚು ಹೆಂಗ ನಿಭಾಯಿಸೋದು ಅಂತ ಕೇಳೀದಿ. "ಬಿದ್ರಿ ನಕಾಶಿನೇ ಕ್ಯಾನ್ವಾಸ್ ಮ್ಯಾಲ ತಗಿ, ಫಾರಿನ್‌ನ್ಯಾಗ ಅದೇ ನಡೀತದ" ಅಂತ ತಂದಿಯವರೂ ಊರಾಗಿನವರೂ ಗಂಟುಬಿದ್ದಾರ, ಏನ್ ಮಾಡ್ಲಿ ಅಂತನೂ ಕೇಳೀದಿ.

ರೊಕ್ಕದ ಮಾತು ಮೊದಲ ಮುಗಿಸ್ತೀನಿ. ವೀಸಾಕ್ಕ ಬ್ಲಾಕ್ಡ್ ಅಕೌಂಟ್‌ನ್ಯಾಗ ವರ್ಷಕ್ಕ 11,904 ಯೂರೊ ಇಡಬೇಕು, ತಿಂಗಳಿಗೆ 992ರಂಗ ಕೈಗೆ ಬರ್ತದ. ಈ ಅಂಕಿ ಆಗಾಗ ಏರ್ತಿರ್ತದ, ಅರ್ಜಿ ಹಾಕೋ ಮುಂದ ಮತ್ತೊಮ್ಮೆ ನೋಡ್ಕೋ. ಓದ್ಕೋತ ವರ್ಷಕ್ಕ 140 ಪೂರ್ತಿ ದಿನ ಇಲ್ಲಾ 280 ಅರ್ಧ ದಿನ ದುಡೀಬಹುದು. ಹೋಟೆಲ್‌ನ್ಯಾಗ ತಾಟು ತೊಳಿಯೋ ಕೆಲಸ ಸಿಕ್ರೂ ಹೋಗು. ಮನಿ ಬಾಡಿಗಿ ತಾಟಿನಿಂದ ಬಂದ್ರ ಚಿತ್ರದ ಮ್ಯಾಲ ಅದರ ಭಾರ ಬೀಳಂಗಿಲ್ಲ. ಓದು ಮುಗಿದ ಮ್ಯಾಲ ಸ್ವಂತ ದುಡಿಯೋ ಕಲಾವಿದರಿಗೆ 1983ರಿಂದ ಒಂದು ವಿಮಾ ನಿಧಿ ಅದ. ಆರೋಗ್ಯ, ಪಿಂಚಣಿ ವಂತಿಗಿ ಅರ್ಧ ನಾವು ಕಟ್ಟಿದ್ರ, ಉಳಿದದ್ದು ಸರ್ಕಾರ ಮತ್ತ ಕಲಾವಿದರ ಕಡಿಂದ ಕೆಲಸ ತಗೊಳ್ಳೋ ಕಂಪನಿಗಳು ಕಟ್ತಾವ. ಇಂಥದ್ದು ನಮ್ಮ ಕಡಿ ಎಂದ ಬರ್ತದೋ!

ಇನ್ನ ಒತ್ತಡದ ಮಾತು. ಇಲ್ಲಿಗೆ ಬಂದ್ರ "ನಮ್ಮಂಗ ಆಗು" ಅಂತ ಗಂಟುಬೀಳ್ತಾರ ಅಂತ ನೀ ಅಂದ್ಕೊಂಡಿರಬೇಕು. ನನಗಂತೂ ಹಂಗ ಯಾರೂ ಅನ್ಲಿಲ್ಲ. "ಇಂಡಿಯಾದವರಂಗ ಕಾಣು" ಅಂದ್ರು, ಅದೂ ಭಾಳ ಪ್ರೀತಿಲೆ. ನಾ ತಗಿಯೋದು ಶಹಾಬಾದಿನ ಫರಸಿ ಖಣಿ, ನೀರು ನಿಂತ ಕಲ್ಲಿನ ಕುಣಿ, ತೊಗರಿ ಕೊಯ್ದ ಮ್ಯಾಲಿನ ಬರಿ ಹೊಲ. ಒಂದು ಗ್ಯಾಲರಿಯವರು ನೋಡಿ, "ಚಲೋ ಅವ, ಆದ್ರ ಬಣ್ಣ ಎಲ್ಲಿ? ಆನಿ, ಹಬ್ಬ, ಹಂಗ ಏನರ..." ಅಂದ್ರು. ಕಲಬುರಗಿ ಬ್ಯಾಸಗಿ ಬೂದು ಬಣ್ಣದ್ದು ಅಂತ ಅವರಿಗೆ ಹೆಂಗ ಗೊತ್ತಿರಬೇಕು? ಆ ಪ್ರದರ್ಶನ ಬಿಟ್ಟೆ. ಆ ತಿಂಗಳು ರೊಕ್ಕ ಕಡಿಮಿ ಆತು ಖರೆ.

ಲೈಪ್‌ಜಿಗ್ ಊರಿನ ಕಥಿನೇ ನಿನಗ ಉಪಯೋಗ ಆದೀತು. ಪಶ್ಚಿಮ ಜರ್ಮನಿಯ ಅಕಾಡೆಮಿಗಳು ಅಮೂರ್ತದ ಹಿಂದ ಹೋದಾಗ ಪೂರ್ವದಾಗಿದ್ದ ಈ ಅಕಾಡೆಮಿ ಮನುಷ್ಯಾರ ಆಕೃತಿ ತಗಿಯೋದು ಕಲಿಸ್ಕೋತನೇ ಇತ್ತು. 1990ರಾಗ ದೇಶ ಒಂದಾದ ಮ್ಯಾಲ ಅದನ್ನ ಹಳೇ ಮಾಲು ಅಂದವರು ಭಾಳ ಮಂದಿ. 1960ರಾಗ ಇಲ್ಲೇ ಹುಟ್ಟಿದ ಚಿತ್ರಕಾರ ನಿಯೊ ರೌಖ್‌ನಂಥವರು ಆಕೃತಿ ಬಿಡ್ಲಿಲ್ಲ. ಮುಂದ ಜಗತ್ತಿನ ಸಂಗ್ರಾಹಕರೇ ಇಲ್ಲಿಗೆ ಬಂದ್ರು. 1884ರಾಗ ಸುರುವಾದ ಸ್ಪಿನರೈ ಅಂಬೋ ಹತ್ತಿ ಮಿಲ್ಲು ಈಗ ಪೂರಾ ಸ್ಟುಡಿಯೊ, ಗ್ಯಾಲರಿ. ಮುಚ್ಚಿ ಬಿದ್ದ ನಮ್ಮ ಕಲಬುರಗಿಯ ಎಂ.ಎಸ್.ಕೆ. ಬಟ್ಟಿ ಮಿಲ್ ನೆನಪಾಗಿ ಹೊಟ್ಟಿ ಉರೀತದ, ಅದು ಬ್ಯಾರೆ ಮಾತು. ಆದ್ರ ಪ್ಯಾಟಿ ಅಷ್ಟಕ್ಕೇ ಸುಮ್ಮನಾಗ್ಲಿಲ್ಲ. "ಹೊಸ ಲೈಪ್‌ಜಿಗ್ ಶಾಲೆ" ಅಂತ ಹೆಸರಿಟ್ಟು, ಆಮ್ಯಾಲ ಬಂದ ಹುಡುಗರ ಕಡಿಂದನೂ ಅಂಥದ್ದೇ ಬಯಸ್ತು. ಒಮ್ಮೆ ಮಾರಿದ್ದನ್ನೇ ತಿರುಗಿ ತಗೀ ಅನ್ನೋರಿಗೆ ಇಲ್ಲ ಅನ್ನೋದು, ಬೈಯೋರಿಗೆ ಇಲ್ಲ ಅನ್ನೋದಕ್ಕಿಂತ ಕಷ್ಟ.

ಹಂಗಂತ ತಂದಿಯವರ ಮಾತು ತಗದು ಹಾಕಬ್ಯಾಡ. ಗಿರಾಕಿ ಹೇಳಿದ ಕೆಲಸ ಮಾಡಿದ್ರ ಕಲಾವಿದ ಕೆಡ್ತಾನ ಅನ್ನೋದನ್ನ ನಾ ನಂಬಂಗಿಲ್ಲ. 1916ರಾಗ ಕಲಬುರಗಿಯೊಳಗ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈದಾಗ ಸಿನಿಮಾ ಪೋಸ್ಟರ್ ತಗದ್ರು, ಕ್ಯಾಲೆಂಡರ್ ತಗದ್ರು. ಆ ಕ್ಯಾಲೆಂಡರಿನಾಗೂ ಕೈ ಅವರದ್ದೇ ಅಂತ ದೂರದಿಂದನೇ ಗೊತ್ತಾಗ್ತದ.

ಬಿದ್ರಿ ವಿಷಯಕ್ಕ ಬಂದ್ರ, ಅದು ಬರೇ ನಕಾಶಿ ಅಲ್ಲಂತ ನನಗಿಂತ ನಿನಗ ಚಲೋ ಗೊತ್ತು. ಸತುವಿಗೆ ತುಸು ತಾಮ್ರ ಕೂಡಿಸಿ ಎರಕ ಹೊಯ್ದು, ಉಳಿಲೆ ಕೆತ್ತಿ, ಬೆಳ್ಳಿ ತಂತಿ ಕೂಡಿಸಿ, ಬೀದರ ಕೋಟೆಯ ಮಣ್ಣು, ನವಸಾಗರ ಹಚ್ಚಿದಾಗ ಲೋಹ ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳೀತದಲ್ಲ, ಅದು ಬಿದ್ರಿ. ಅಶರ್ಫಿ ಬೂಟಿ ಅಂಬೋ ಬಿದ್ರಿ ನಕಾಶಿನ ಬರೇ ಬಣ್ಣದಾಗ ನಕಲು ಮಾಡಿದ್ರ ಅದರಾಗಿಂದು ಯಾವುದೂ ಕ್ಯಾನ್ವಾಸಿಗೆ ಬರಂಗಿಲ್ಲ. ನೀ ಕಳಿಸಿದ ಫೋಟೊದಾಗ ಬೂಟಿ ಇರೋವು ನನಗ ಸಪ್ಪಗ ಅನಿಸಿದ್ವು. ಕಾರ್ಖಾನಿ ಕತ್ತಲ್ಯಾಗ ಮಸಿ ಹತ್ತಿದ ಕೈ ಒಂದೇ ಕಾಣೋ ಚಿತ್ರ ಅದ ನೋಡು, ಅದನ್ನ ಪೋರ್ಟ್‌ಫೋಲಿಯೊದಾಗ ಮೊದಲ ಇಡು. ತಂದಿಯವರಿಗೂ ತೋರಿಸು, ಅವರು ಏನಂತಾರ ನನಗೂ ತಿಳಸು.

ಮತ್ತ ಜರ್ಮನ್ ಈಗಿಂದನೇ ಸುರು ಮಾಡು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದ ಆನ್‌ಲೈನ್ ಕ್ಲಾಸು ಬೀದರಿನಾಗ ಕುಂತೇ ಮಾಡಬಹುದು. ಅಕಾಡೆಮಿಯಾಗ ಒಬ್ಬ ಪ್ರೊಫೆಸರರ ಕ್ಲಾಸಿಗೆ ಸೇರ್ತಿ. ಅಲ್ಲಿ ಚಿತ್ರ ಗ್ವಾಡಿಗೆ ಹಚ್ಚಿ ಎಲ್ಲಾರೂ ಕೂಡಿ ಅದರ ಬಗ್ಗೆ ಮಾತಾಡ್ತಾರ. ವರ್ಷಕ್ಕೊಮ್ಮೆ ರುಂಡ್‌ಗಾಂಗ್ ಅಂತ ಸ್ಟುಡಿಯೊ ಬಾಗಿಲು ತಗದಾಗ ಊರ ಮಂದಿನೂ ಬರ್ತಾರ. ನಿನ್ನ ಚಿತ್ರದ ಬಗ್ಗೆ ನೀ ಬಾಯಿ ಬಿಡ್ಲಿಲ್ಲಂದ್ರ ಮತ್ತೊಬ್ಬರು ಹೇಳ್ತಾರ, ಅದರಾಗ ಕರ್ಮ, ಯೋಗ, ಮಂಡಲ ಎಲ್ಲಾ ಬಂದು ಕೂಡ್ತಾವ.