ಸ್ವಾಗತದ ಬೋರ್ಡು ನಂಬಬೇಡಿ, ಸಂಚಿಕೆ ಎಣಿಸಿ

ಪತ್ರ: ಹತ್ತಾರು ಪತ್ರಿಕೆಗಳಿಗೆ ಕವಿತೆ ಕಳಿಸಿದೆ. ಒಂದರಿಂದಲೂ ಉತ್ತರವಿಲ್ಲ. ಕವಿತೆಗೂ, ಅಂಚಿನ ಸಮುದಾಯದಿಂದ ಬಂದ ನನ್ನಂಥವರಿಗೂ ಜಾಗ ಕೊಡುವ ಪತ್ರಿಕೆಗಳ ಪಟ್ಟಿ ಕೊಡುತ್ತೀರಾ? ಪರಿಚಯದಲ್ಲಿ ನನ್ನ ಹಿನ್ನೆಲೆ ಹೇಳಬೇಕೇ?
– ಓದುಗರೊಬ್ಬರು

ಸಂಪಾದಕರು: ಪಟ್ಟಿ ಕೊಡುವುದಿಲ್ಲ, ಬೇಸರಿಸಬೇಡಿ. ಸಣ್ಣ ಪತ್ರಿಕೆಗಳು ನಿಲ್ಲುತ್ತವೆ, ಸಂಪಾದಕರು ಬದಲಾಗುತ್ತಾರೆ, ಪಟ್ಟಿ ವರ್ಷದೊಳಗೆ ಹಳಸುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಡ್ಯುಯೊಟ್ರೋಪ್, ಸಬ್‌ಮಿಷನ್ ಗ್ರೈಂಡರ್‌ನಂಥ ಆನ್‌ಲೈನ್ ಮಾಹಿತಿಕೋಶಗಳಿವೆ, ಉಪಯುಕ್ತವೇ. ಯಾವ ಪತ್ರಿಕೆ ಈಗ ಬರಹ ಸ್ವೀಕರಿಸುತ್ತಿದೆ, ಎಷ್ಟು ದಿನಕ್ಕೆ ಉತ್ತರಿಸುತ್ತದೆ ಎಂಬುದು ಅಲ್ಲಿ ಸಿಗುತ್ತದೆ. ಯಾರ ಬರಹ ಅಚ್ಚಾಗುತ್ತದೆ ಎಂಬುದು ಸಿಗುವುದಿಲ್ಲ.

ಅದಕ್ಕೆ ‘ಎಲ್ಲರಿಗೂ ಸ್ವಾಗತ’ ಎಂಬ ಬೋರ್ಡು ನಂಬದೆ, ಹಿಂದಿನ ನಾಲ್ಕು ಸಂಚಿಕೆ ತೆರೆದು ಎಣಿಸಿ. ಕವಿತೆಗೆ ಪೂರ್ತಿ ಪುಟವೋ, ಕತೆ ಮುಗಿದು ಉಳಿದ ಕಾಲು ಪುಟವೋ? ಹೊಸ ಹೆಸರುಗಳೆಷ್ಟು? ದಲಿತ, ಆದಿವಾಸಿ, ಲಿಂಗತ್ವ ಅಲ್ಪಸಂಖ್ಯಾತ, ಅಂಗವಿಕಲ ಲೇಖಕರು ವಿಶೇಷಾಂಕಕ್ಕೆ ಬಂದು ಹೋಗುವ ಅತಿಥಿಗಳೋ, ಮಾಮೂಲಿ ಸಂಚಿಕೆಯಲ್ಲೂ ಇದ್ದಾರೋ? ಅವರಿಂದ ನೋವಿನ ಕವಿತೆಯನ್ನಷ್ಟೇ ತರಿಸುತ್ತಾರೋ, ಬೇರೆಯವರ ಪುಸ್ತಕದ ವಿಮರ್ಶೆಯನ್ನೂ ಬರೆಸುತ್ತಾರೋ? ಈ ಕೊನೆಯ ಪ್ರಶ್ನೆಗೆ ಬಹುಪಾಲು ಪತ್ರಿಕೆಗಳು ತಲೆ ತಗ್ಗಿಸುತ್ತವೆ. ‘ವೀಡಾ’ ಎಂಬ ಅಮೆರಿಕದ ಲೇಖಕಿಯರ ಸಂಘಟನೆ 2010ರ ಸಂಚಿಕೆಗಳಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು ಎಂದು ಎಣಿಸಿ ಪ್ರಕಟಿಸಿದಾಗ ಹೆಸರಾಂತ ಪತ್ರಿಕೆಗಳೇ ಮುಜುಗರಪಟ್ಟವು.

ಆಮೇಲೆ ಸಂಪಾದಕ ಮಂಡಳಿ ನೋಡಿ. ಲೇಖಕರ ಹೆಸರು ಅಳಿಸಿ ಓದುವ ಪದ್ಧತಿ ನ್ಯಾಯವಾದದ್ದೇ, ಆದರೆ ಓದುವ ಕಿವಿಗಳೆಲ್ಲ ಒಂದೇ ಬಗೆಯವಾಗಿದ್ದರೆ ಅಪರಿಚಿತ ಆಡುಮಾತು ‘ಒರಟು’ ಎಂದೇ ಕೇಳುತ್ತದೆ. 1921ರಲ್ಲಿ ಲ್ಯಾಂಗ್‌ಸ್ಟನ್ ಹ್ಯೂಸ್ ಎಂಬ ಎಳೆಯ ಕವಿಗೆ ಅಮೆರಿಕದ ಕಪ್ಪು ಜನರ ಪತ್ರಿಕೆ ‘ದಿ ಕ್ರೈಸಿಸ್’ ಜಾಗ ಕೊಟ್ಟಾಗ ಅದರ ಸಾಹಿತ್ಯ ವಿಭಾಗ ಜೆಸ್ಸಿ ಫಾಸೆಟ್ ಎಂಬ ಕಪ್ಪು ಮಹಿಳೆಯ ಕೈಲಿತ್ತು. ಧಾರವಾಡದಲ್ಲಿ 1964ರಲ್ಲಿ ‘ಸಂಕ್ರಮಣ’ ಪತ್ರಿಕೆ ಕಟ್ಟಿದ ಚಂಪಾ, ಗಿರಡ್ಡಿ, ಪಟ್ಟಣಶೆಟ್ಟಿ ಮೂವರೂ ಬರೆಯುವವರೇ. ದೊಡ್ಡ ಪತ್ರಿಕೆಗೆ ಓದುಗರು ಹೆಚ್ಚು, ಸರಿ. ಹೊಸ ದನಿಯನ್ನು ಮೊದಲು ಗುರುತಿಸುವುದು ಮಾತ್ರ ಕವಿಗಳೇ ನಡೆಸುವ ಸಣ್ಣ ಪತ್ರಿಕೆ.

ಈಗ ನಿಮ್ಮನ್ನು ಸ್ವಲ್ಪ ಗದರಬೇಕು. ನೀವು ಕಳಿಸಿದ ಹತ್ತಾರು ಪತ್ರಿಕೆಗಳಲ್ಲಿ ಓದಿದ್ದು ಎಷ್ಟು? ಓದದೆ ಕಳಿಸಿದ್ದು ಸಂಪಾದಕರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಒಂದು ಸಲಕ್ಕೆ 3ರಿಂದ 5 ಕವಿತೆ ಸಾಕು, ಒಂದೊಂದೂ ಹೊಸ ಪುಟದಲ್ಲಿರಲಿ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟಿನ ಕಡತ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ವಾಟ್ಸಾಪಿನಲ್ಲಿ ಕಳಿಸಿದರೆ ಉದ್ದ ಸಾಲು ಎಲ್ಲೆಲ್ಲೋ ಮುರಿಯುತ್ತದೆ, ಆದ್ದರಿಂದ ವರ್ಡ್ ಕಡತದ ಜೊತೆ ಪಿಡಿಎಫ್ ಕೂಡ ಇರಲಿ. ಫೇಸ್‌ಬುಕ್ಕಿನಲ್ಲಿ ಹಾಕಿದ ಕವಿತೆಯನ್ನು ಅನೇಕರು ‘ಪ್ರಕಟಿತ’ ಎಂದೇ ಲೆಕ್ಕ ಹಿಡಿಯುತ್ತಾರೆ. ಒಂದೇ ಕವಿತೆಯನ್ನು ಎರಡು ಕಡೆ ಕಳಿಸಲು ಪತ್ರಿಕೆಯ ನಿಯಮದಲ್ಲಿ ಅವಕಾಶವಿದ್ದರೆ ಕಳಿಸಿ. ಒಂದು ಕಡೆ ಸ್ವೀಕೃತವಾದ ದಿನವೇ ಇನ್ನೊಂದರಿಂದ ಹಿಂಪಡೆಯಿರಿ. ಯಾವುದು, ಎಲ್ಲಿಗೆ, ಯಾವ ತಾರೀಕು ಎಂದು ಪುಸ್ತಕದಲ್ಲಿ ಬರೆದಿಡಿ. ಮೂರರಿಂದ ಆರು ತಿಂಗಳು ಕಾಯುವುದು ಮಾಮೂಲು, ಆಮೇಲೆ ಎರಡು ಸಾಲಿನಲ್ಲಿ ವಿಚಾರಿಸಿ. ‘ಬೇರೆ ಕವಿತೆ ಕಳಿಸಿ’ ಎಂದರೆ ಅದು ನಯದ ಮಾತಲ್ಲ, ನಿಜವಾದ ಕರೆ.

ಪರಿಚಯ ಮೂರು ಸಾಲು ಮೀರದಿರಲಿ. ಹಿನ್ನೆಲೆ ಹೇಳುವುದು ನಿಮ್ಮ ಇಷ್ಟ. ಆ ಸಮುದಾಯಕ್ಕೆಂದೇ ಮೀಸಲಾದ ಸಂಚಿಕೆಯಾದರೆ ಒಂದು ಮಾತು ಬೇಕಾದೀತು, ಉಳಿದೆಡೆ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ.

ದುಡ್ಡಿನ ಮಾತೂ ಇದೆ. ಹ್ಯಾರಿಯೆಟ್ ಮನ್ರೋ 1912ರಲ್ಲಿ ಷಿಕಾಗೋದಲ್ಲಿ ‘ಪೊಯೆಟ್ರಿ’ ಪತ್ರಿಕೆ ಆರಂಭಿಸಿದಾಗ ಚಂದಾ ಎತ್ತಿ ಕವಿಗಳಿಗೆ ಸಂಭಾವನೆ ಕೊಟ್ಟರು. ನೂರು ವರ್ಷ ದಾಟಿದರೂ ನಮ್ಮ ಕಸುಬಿನವರು ಕಾಗದಕ್ಕೆ, ಮುದ್ರಕನಿಗೆ, ಅಂಚೆಗೆ ಹಣ ಹೊಂದಿಸುತ್ತಾರೆ, ಕವಿಗೆ ಗೌರವ ಪ್ರತಿ. ಅದೂ ಕೇಳಿದರೆ! ಇನ್ನು ಕೆಲವರು ಕವಿಯಿಂದಲೇ ವಸೂಲಿಗಿಳಿದಿದ್ದಾರೆ: ಪ್ರವೇಶ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ, ಎಲ್ಲರನ್ನೂ ಆಯ್ಕೆ ಮಾಡುತ್ತಾರೆ, ಸಂಕಲನದ ಹತ್ತು ಪ್ರತಿ ಕೊಳ್ಳಲೇಬೇಕು ಎನ್ನುತ್ತಾರೆ. ಅಲ್ಲಿ ಕವಿಯೇ ಗಿರಾಕಿ. ಶುಲ್ಕ ಕೇಳುವ ಕಡೆ ವಿನಾಯಿತಿ ಇದೆಯೇ ಎಂದು ಮೊದಲು ವಿಚಾರಿಸಿ. ಪತ್ರಿಕೆಗೆ ಮೊದಲ ಪ್ರಕಟಣೆಯ ಹಕ್ಕನ್ನಷ್ಟೇ ಕೊಡಿ. ಪೂರ್ಣ ಕೃತಿಸ್ವಾಮ್ಯ ಬರೆದುಕೊಡಿ ಎಂದವರಿಗೆ ಸಹಿ ಹಾಕಬೇಡಿ, ನಾಳೆ ನಿಮ್ಮದೇ ಸಂಕಲನಕ್ಕೆ ಅವರ ಅನುಮತಿ ಬೇಡಬೇಕಾಗುತ್ತದೆ.